ಹಲಗೆಯ ಮೇಲಿನ ಊರುಗಳು

3 ಜನವರಿ 2000, ಸೋಮವಾರ

ಇವತ್ತು ಬೆಳಿಗ್ಗೆ ನಮ್ಮ ಲಾಡ್ಜಿನ ಬಾಗಿಲ ಹಲಗೆಯ ಮೇಲಿನ ಸಾಲುಗಳು ಬಲಕ್ಕೆ ಜಾರಿದ್ದವು. ಶಹಾಪುರ ಸರಿಯಾದ ಎತ್ತರದಲ್ಲೇ ಶುರುವಾಗಿತ್ತು. ಅದರ ಮುಂದಿನ ಹೆಸರು ಮಾತ್ರ ಇಳಿಯುತ್ತ ಇಳಿಯುತ್ತ ಕೆಳಗಿನ ಸೇಡಂ ತಲೆಯ ಮೇಲೆ ಕೂತಿತ್ತು. ಅಪ್ಪನ ಸಾಲು ಸೊಟ್ಟಗಾದದ್ದನ್ನು ನಾನು ಎಂದೂ ನೋಡಿಲ್ಲ. ಬರೆದು ಮುಗಿಸಿ ಬಲಗೈಯನ್ನು ಎಡಗೈಯಿಂದ ಒತ್ತಿಕೊಳ್ಳುತ್ತ ಒಳಗೆ ಹೋದರು. ಮೆಟ್ಟಿಲ ಮೇಲೆ ಕೂತಿದ್ದ ನಾನು ಅವರಿಗೆ ಕಾಣಲಿಲ್ಲ. ನಾನು ಇದ್ದೇನೆಂಬುದು ಬಹಳ ಸಲ ಯಾರಿಗೂ ಗೊತ್ತಾಗುವುದಿಲ್ಲ. ನನಗೂ ಅದೇ ಅನುಕೂಲ.

ಇಸವಿ ಬರೆಯಹೋದರೆ ನನ್ನ ಕೈ ಇನ್ನೂ 19 ಎಂದೇ ಶುರುಮಾಡುತ್ತದೆ.

ಚಹಾದ ಹೊತ್ತಿಗೆ ಅಪ್ಪ ಅಣ್ಣನನ್ನು ಕೇಳಿದರು. "ಯಾಕ್ಪಾ ಗುರುಬಸವಾ, ಒಂದನೇ ತಾರೀಖಿಗೆ ಕಂಪ್ಯೂಟರೆಲ್ಲಾ ನಿಂತು ಬಿಡ್ತಾವಂತ ಹೇಳಿದ್ದೆಲ್ಲ, ನಿಂತವೇನು?"

"ಅವು ನಿಲ್ಲಲಿಲ್ಲ. ನಾವು ನಿಂತೀವಿ," ಅಂದ ಅಣ್ಣ. "ಅರ್ಧಾ ಖೋಲಿ ಖಾಲಿ ಅದಾವ. ಟೇಷನ್ನಾಗ ಇಳಿದ ನಮ್ಮ ಮಂದೀನ ಆಟೋದವರು ಹಿಡಕೊಂಡು ಬ್ಯಾರೆ ಲಾಡ್ಜಿಗೆ ಒಯ್ಯಾಕತ್ತಾರ. ಅಲ್ಲಿ ಅಮೀರಪೇಟದಾಗ ನೋಡ್ರಿ, ಕಂಪ್ಯೂಟರ್ ಕಲಿಯಾಕ ಬಂದ ಹುಡುಗರು ಮಲಗಾಕ ಜಾಗಾ ಸಿಗದ ಪಾಳಿ ಹಚ್ಚಾಕತ್ತಾರ. ಹಾಸ್ಟೆಲ್ ಮಾಡೂಣು ಅಪ್ಪಾ."

"ಆಸ್ಪತ್ರಿಗೆ ಬಂದವರು ಎಲ್ಲಿಗೆ ಹೋಗಬೇಕು?"

"ನಾವು ಅದೀವಂತ ಅವರಿಗೆ ಗೊತ್ತಾದ್ರ ಬರ್ತಾರ. ಗೊತ್ತ ಇಲ್ಲ!"

ಆ ಮಾತಿನಿಂದಲೇ ವೆಬ್‌ಸೈಟ್ ಎಂಬ ಮಾತು ಹುಟ್ಟಿತು. ಕೊನೆಗೆ ಅಣ್ಣನೇ ಒಂದು ತೀರ್ಮಾನ ಹೇಳಿದ. ಒಂದು ವೆಬ್‌ಸೈಟ್ ಮಾಡಿಸುವುದು, ಜೂನ್ ತನಕ ನೋಡುವುದು. ಜನ ಬಂದರೆ ಲಾಡ್ಜ್ ಲಾಡ್ಜಾಗಿಯೇ ಇರುತ್ತದೆ. ಬರದಿದ್ದರೆ ಬಂದವರು ಅಡುಗೆ ಮಾಡಿಕೊಳ್ಳುವ ಒಲೆಗಳನ್ನು ಎತ್ತಿ, ಮಂಚದ ಮೇಲೆ ಮಂಚ ಹಾಕಿ, ಹುಡುಗರ ಹಾಸ್ಟೆಲ್. ಅಪ್ಪ ಬಸಿಯಲ್ಲಿದ್ದ ಚಹಾ ಕುಡಿದು ಮುಗಿಸಿದರು. "ಆಗ್ಲಿ" ಅಂದರು.

"ಯಾರ ಕಡೆ ಮಾಡಸೂದಂತ ವಿಜೂ ನೋಡ್ಲಿ. ಎಂ.ಎ. ಓದಿದಾಕಿ ಅದಾಳ," ಅಂದ ಅಣ್ಣ, ನನ್ನ ಕಡೆ ಕೈ ಮಾಡಿ.

ನಾನು ಓದಿದ್ದು ಕನ್ನಡ ಸಾಹಿತ್ಯ. ಹಾಗೆಂದು ಹೇಳಬೇಕೆನ್ನುವಷ್ಟರಲ್ಲಿ ಅಣ್ಣ ಎದ್ದು ಹೋಗಿದ್ದ.


6 ಜನವರಿ, ಗುರುವಾರ

ವೆಬ್‌ಸೈಟಿಗೆ "ನಮ್ಮ ಬಗ್ಗೆ" ಎಂದು ಒಂದು ಪುಟ ಬರೆದುಕೊಡಬೇಕಂತೆ, ಅಣ್ಣ ಇಂಗ್ಲಿಷ್ ಮಾಡಿಸುತ್ತಾನಂತೆ. ಮಧ್ಯಾಹ್ನವೆಲ್ಲ ಬರೆದೆ. ಬರೆದದ್ದು ಅಲ್ಲಿಗೆ ಹೋಗುವಂಥದ್ದಲ್ಲ, ಇಲ್ಲೇ ಇರಲಿ.

ಹೊರಗಿನ ಫಲಕದಲ್ಲಿ ವೀರಭದ್ರ ಲಾಡ್ಜ್. ಗುಲಬರ್ಗಾ ಕಡೆಯವರ ಬಾಯಲ್ಲಿ ಹಲಗಿ ಮನಿ. ನಾಂಪಲ್ಲಿ ಸ್ಟೇಷನ್ನಿನಿಂದ ಗಂಟು ಹೊತ್ತುಕೊಂಡು ನಡೆದು ಬರುವಷ್ಟು ಹತ್ತಿರ. ಇಲ್ಲಿಗೆ ಬರುವವರು ಚಾರಮಿನಾರ್ ನೋಡಲು ಬರುವವರಲ್ಲ. ಗಂಡನ ಆಪರೇಷನ್, ತಾಯಿಯ ಕ್ಯಾನ್ಸರಿಗೆ ಕರೆಂಟು ಚಿಕಿತ್ಸೆ, ಮಗುವಿನ ಎದೆಯ ತೂತು, ಹೀಗೆ ಬಂದವರು. ಹಿತ್ತಿಲ ಪಡಸಾಲೆಯಲ್ಲಿ ಸಾಲಾಗಿ ಸೀಮೆಎಣ್ಣೆಯ ಸ್ಟೋವುಗಳಿವೆ. ಊರಿಂದ ತಂದ ಜೋಳದ ಹಿಟ್ಟಿನಲ್ಲಿ ರೊಟ್ಟಿ ಬಡಿದು ಡಬ್ಬಿ ಕಟ್ಟಿ ಆಸ್ಪತ್ರೆಗೆ ಒಯ್ಯುತ್ತಾರೆ. ಅವ್ವ ಇದ್ದಾಗ ಬೆಳಗಿನ ರೊಟ್ಟಿಯ ಸಪ್ಪಳಕ್ಕೇ ನನಗೆ ಎಚ್ಚರ. ಏಳೆಂಟು ಜನ ಒಟ್ಟಿಗೆ ಬಡಿಯುತ್ತಿದ್ದರು, ಒಬ್ಬೊಬ್ಬರ ತಾಳ ಒಂದೊಂದು.

ಬಾಗಿಲ ಪಕ್ಕದ ಕರಿ ಹಲಗೆಯ ಮೇಲೆ ಅಪ್ಪ ದಿನಾ ಬೆಳಿಗ್ಗೆ ಬರೆಯುತ್ತಾರೆ. ಮೊದಲು ಊರು, ಆಮೇಲೆ ಜತೆಗೆ ಬಂದವರ ಹೆಸರು, ಖೋಲಿ. ರೋಗಿಯ ಹೆಸರು ಬರೆಯುವುದಿಲ್ಲ. ಬ್ಯಾನಿ ಬಿದ್ದವರ ಹೆಸರು ಬಾಗಿಲಲ್ಲಿ ಇರಬಾರದು ಎಂಬುದು ಅವರ ಮಾತು. ಹಿಂದಿನಿಂದ ಬರುವ ನೆಂಟರು ಗಾಡಿ ಇಳಿದು ನೇರ ಹಲಗೆಯ ಮುಂದೆ ನಿಂತು ತಮ್ಮ ಊರು ಹುಡುಕುತ್ತಾರೆ. ಓದು ಬಾರದವರು ಪಕ್ಕದವರ ಕೈಲಿ ಓದಿಸುತ್ತಾರೆ. ಊರಿಗೆ ಮರಳುವಾಗ ಅವರವರ ಸಾಲನ್ನು ಅವರವರೇ ಅಂಗೈಯಿಂದ ಒರೆಸಿ ಹೋಗಬೇಕು. ಅಪ್ಪ ಒರೆಸುವುದಿಲ್ಲ, ಬೇರೆ ಯಾರೂ ಒರೆಸುವುದಿಲ್ಲ. ಆ ಬಿಳಿ ಅಂಗೈ ತೊಳೆಯದೆ ಗಾಡಿ ಹತ್ತಿದವರನ್ನು ನಾನು ನೋಡಿದ್ದೇನೆ.

ನಾನು ಅಕ್ಷರ ಕಲಿತದ್ದು ಈ ಹಲಗೆಯ ಮೇಲೆ. ಶಾಲೆಯಲ್ಲಿ ಅ ಅಂದರೆ ಅರಸ ಎನ್ನುವ ಹೊತ್ತಿಗೆ ನನಗೆ ಅ ಅಂದರೆ ಅಫಜಲಪುರ, ಆ ಅಂದರೆ ಆಳಂದ. ಆ ಊರುಗಳನ್ನು ಇಂದಿಗೂ ನೋಡಿಲ್ಲ.

ಎಲ್ಲಕ್ಕಿಂತ ಕೆಳಗಿನ ಸಾಲು: ಚಿತ್ತಾಪುರ, ಗಂಗಾಬಾಯಿ. ನಾನು ಒಂದನೇ ಇಯತ್ತೆಯಲ್ಲಿದ್ದಾಗ ಗಂಡನನ್ನು ಕರೆತಂದು ಒಂದು ಮಳೆಗಾಲವಿಡೀ ಇದ್ದಳು. ನನ್ನ ಕೈ ಹಿಡಿದು ತನ್ನ ಊರನ್ನು ಬರೆಸಿದವಳು ಅವಳೇ. ಒಂದು ಬೆಳಿಗ್ಗೆ ಆಸ್ಪತ್ರೆಯಿಂದಲೇ ಹೆಣ ತೆಗೆದುಕೊಂಡು ಹೋದಳು. ಸಾಲು ಉಳಿಯಿತು. "ಆಕಿನೇ ಬಂದು ಒರೆಸ್ಲಿ" ಎಂದು ಅಪ್ಪ ಅದನ್ನು ಪ್ರತಿ ಯುಗಾದಿಗೆ ತಿದ್ದುತ್ತಾರೆ. "ಬಾಡಿಗಿ ಇಲ್ಲದ ಖಾಯಂ ಗಿರಾಕಿ" ಎಂದು ಅಣ್ಣ ನಗುತ್ತಾನೆ.


11 ಜನವರಿ, ಮಂಗಳವಾರ

ಅಣ್ಣನ ಜತೆ ಬೇಗಂಪೇಟೆಗೆ ಹೋಗಿದ್ದೆ. ಕಂಪನಿಯ ಬಾಗಿಲು ಎಷ್ಟು ಸ್ವಚ್ಛ ಗಾಜೆಂದರೆ ಅಣ್ಣ ಹಣೆ ಬಡಿಸಿಕೊಂಡ. ಒಳಗೆ ರಾಮದಾಸ ಎಂಬುವರು ಬಂದರು. ಬೀದರಿನವರು, ಕುತ್ತಿಗೆಗೆ ಟೈ. ಕನ್ನಡ ಕೇಳಿದ್ದೇ ಅಣ್ಣ ಅರ್ಧ ಒಪ್ಪಿಬಿಟ್ಟ.

"ಮೇಡಂ, ನಿಮ್ಮ ಟಾರ್ಗೆಟ್ ಕಸ್ಟಮರ್ ಯಾರು?" ಎಂದು ನನ್ನನ್ನೇ ಕೇಳಿದರು.

ನನಗೆ ಸ್ಟೋವಿನ ಮುಂದೆ ಕೂತ ಹೆಂಗಸರ ಬೆನ್ನುಗಳು ಕಂಡವು.

"ಎಲ್ಲಾರೂ," ಅಂದ ಅಣ್ಣ.

ಒಂದು ನಮೂನೆ ತೋರಿಸಿದರು. ಪರದೆಯ ಮೇಲೆ ನೀಲಿ ಈಜುಕೊಳ, ಅದರ ಪಕ್ಕ ಛತ್ರಿಯಡಿ ಮಲಗಿದ ಬಿಳಿಯ ಹೆಂಗಸು.

"ನಮ್ಮಲ್ಲಿ ಈಜುಕೊಳ ಇಲ್ರಿ," ಅಂದ ಅಣ್ಣ.

"ಫಿಕರ್ ಮಾಡಬ್ಯಾಡ್ರಿ, ನಿಮ್ಮ ಫೋಟೋ ಹಾಕ್ತೀವಿ. ನಿಮ್ಮಲ್ಲಿ ಏನೈತಿ?"

"ಹೌದ ಐತಿ." ಹೌದಂದರೆ ನಮ್ಮ ನೀರಿನ ತೊಟ್ಟಿ. ಇಬ್ಬರೂ ನಕ್ಕರು. ನನಗೂ ನಗು ಬಂತು, ಸೆರಗಿನಲ್ಲಿ ಮುಚ್ಚಿಕೊಂಡೆ.

ಕನ್ನಡದಲ್ಲಿ ಬರೆಯಬಹುದೇ ಎಂದು ಕೇಳಬೇಕಿತ್ತು. ಅಣ್ಣನ ಕಿವಿಯಲ್ಲಿ ಹೇಳಿದೆ, ಅಣ್ಣ ಕೇಳಿದ. "ಕನ್ನಡ ಹಾಕಿದ್ರ ಬ್ಯಾರೆ ಕಂಪ್ಯೂಟರಿನಾಗ ಡಬ್ಬಿ ಡಬ್ಬಿ ಕಾಣ್ತಾವ ಮೇಡಂ. ಇಂಟರ್ನೆಟ್ಟಿಗೆ ಇಂಗ್ಲಿಷೇ ಬರೋಬರಿ," ಅಂದರು. ವೆಬ್‌ಸೈಟಿನ ಹೆಸರು ಕಂಪನಿಯ ಕಡೆಯೇ ನೋಂದಣಿಯಾಗಿರುತ್ತದಂತೆ, ನಮಗೆ ತಲೆನೋವಿಲ್ಲವಂತೆ.

ವಾಪಸು ಬರುವಾಗ ಬಸ್ಸಿನ ಕಿಟಕಿಯಿಂದ ನೋಡಿದೆ. ಮೊದಲು ಮಿರ್ಚಿ ಭಜ್ಜಿ ಕರಿಯುತ್ತಿದ್ದ ಮೂಲೆಯಲ್ಲಿ ಜಾವಾ ಕಲಿಸುವ ಬೋರ್ಡು. ಪಕ್ಕದ ಹಳೆ ಮನೆಯ ಗೋಡೆ ತುಂಬ ಅಮೆರಿಕದ ಬಾವುಟಗಳು. ನಾಯಿಕೊಡೆಯಂತೆ ಏಳುತ್ತಿರುವ ಈ ಊರಿನ ಅಡಿಯಲ್ಲಿ ನನ್ನ ಊರು ಎಲ್ಲೋ ಇದೆ.


15 ಜನವರಿ, ಶನಿವಾರ. ಸಂಕ್ರಾಂತಿ

ಎಳ್ಳು ಹಂಚಲು ಹಿತ್ತಿಲಿಗೆ ಹೋದೆ. ಮೊದಲೆಲ್ಲ ಒಂದು ಪರಾತ ಸಾಲುತ್ತಿರಲಿಲ್ಲ, ಇವತ್ತು ಅರ್ಧ ಉಳಿಯಿತು. ಸಂಜೆ ನುಮಾಯಿಷ್ ವಸ್ತುಪ್ರದರ್ಶನದ ಮೈದಾನದ ಧ್ವನಿವರ್ಧಕ ಇಲ್ಲಿಯವರೆಗೂ ಕೇಳಿಸಿತು. ಕಳೆದುಹೋದ ಮಕ್ಕಳ ಹೆಸರು ಕೂಗುತ್ತಿದ್ದರು. ಚಿಕ್ಕವಳಿದ್ದಾಗ ನಾನೂ ಒಮ್ಮೆ ಕಳೆದುಹೋಗಿದ್ದೆ. ಹೆಸರು ಕೇಳಿದರೆ ಹೇಳದೆ ನಿಂತಿದ್ದೆನಂತೆ. "ಯಾರ ಮಗಳು?" ಎಂದರೆ ಮಣ್ಣಿನಲ್ಲಿ ಒಂದು ಹಲಗೆಯ ಚಿತ್ರ ಬರೆದೆನಂತೆ. ಕರೆದರೆ ಸಿಗಲಿಲ್ಲ, ಕಾಲಿಗೆ ಎಡವಿ ಸಿಕ್ಕಳು ಎಂದು ಅವ್ವ ಎಲ್ಲರಿಗೂ ಹೇಳುತ್ತಿದ್ದಳು.

ಅಫಜಲಪುರದ ಶಿವದೇವಿ ಬಂದರು. ಗಂಡನಿಗೆ ಹೊಟ್ಟೆಯ ಆಪರೇಷನ್. "ಎಳ್ಳು ಬೆಲ್ಲ ತಗೊಂಡು ಒಳ್ಳೆ ಮಾತಾಡೂಣು ಬಾ ಯವ್ವಾ, ಡಾಕ್ಟರ ಕೂಡ ಮಾತಾಡಿ ಬಾಯಿ ಕಹಿ ಆಗೇತಿ," ಅಂದರು. ಅವರ ಸಾಲನ್ನು ಅಪ್ಪ ಎರಡು ಸಲ ಬರೆದು ಅಳಿಸಿ ಮೂರನೆಯ ಸಲಕ್ಕೆ ಬಿಟ್ಟರು.

ಧಾರವಾಡದಿಂದ ದೊಡ್ಡವ್ವನ ಕಾಗದ. ಜೂನಿನಲ್ಲಿ ಬಂದು ಬಿ.ಎಡ್. ಸೇರು, ನಮ್ಮ ಮನೆಯಲ್ಲೇ ಇರು ಎಂದು. ಹೋಗುವುದು ಎಂದೇ ಇದೆ. ಇಲ್ಲಿ ಮತ್ತೇನು ಮಾಡಲಿ? ಮಕ್ಕಳ ಮುಂದೆ ನಿಂತು ಗಂಟಲೆತ್ತಿ ಪಾಠ ಹೇಳುವುದನ್ನು ನೆನೆದರೆ ಮಾತ್ರ ಕಾಗದವನ್ನು ಮತ್ತೆ ಲಕೋಟೆಗೆ ಸೇರಿಸುತ್ತೇನೆ.


19 ಜನವರಿ, ಬುಧವಾರ

ಅಣ್ಣನ ಗೆಳೆಯ ಪರಮೇಶ ಪುಕ್ಕಟೆ ವೆಬ್‌ಸೈಟ್ ಮಾಡಿ ತಂದ. ಸೈಬರ್ ಕೆಫೆಯಲ್ಲಿ ನೋಡಿದೆವು. ಮೇಲೆ ಒಂದು ಜಾಹೀರಾತು ಕುಣಿಯುತ್ತಿತ್ತು, "ಹನಿಮೂನಿಗೆ ಗೋವಾ". ಅದರ ಕೆಳಗೆ ಆಸ್ಪತ್ರೆಗೆ ಬರುವವರಿಗೆ ವಸತಿ.

"ಇದನ್ನ ತೆಗಿಯಾಕ ಬರ್ತೈತೇನು?" ಅಂದ ಅಣ್ಣ.

"ಪುಕ್ಕಟೆಯಾಗ ಕೊಟ್ಟವರು ಕುಣಸೂದಿಲ್ಲೇನೋ ಮಾರಾಯಾ," ಅಂದ ಪರಮೇಶ.

ಅಪ್ಪನಿಗೆ ಹೇಳಲಿಲ್ಲ.


24 ಜನವರಿ, ಸೋಮವಾರ

ಒಬ್ಬಳೇ ಮೆಹದಿಪಟ್ಟಣಂಗೆ ಹೋದೆ. ನಮ್ಮ ನೆಂಟರ ಮದುವೆಯ ಕಾರ್ಡಿನ ಹಿಂದೆ ಚಿಕ್ಕದಾಗಿ ಅಚ್ಚಾಗಿದ್ದ ವಿಳಾಸ ಅದು. ಕನ್ನಡ, ತೆಲುಗು, ಉರ್ದು, ಇಂಗ್ಲಿಷಿನಲ್ಲಿ ಡಿಟಿಪಿ, ಈಗ ವೆಬ್‌ಸೈಟ್ ಕೂಡ. ಬಸ್ ನಿಲ್ದಾಣದ ಹಿಂದೆ, ಹಣ್ಣಿನ ಬಂಡಿಗಳನ್ನು ದಾಟಿ, ಮೇಲಿನ ಮಹಡಿ. ಸತ್ಯಭಾಮಾ ಎಂಬ ನಡುವಯಸ್ಸಿನವರು, ಗಟ್ಟಿ ಧ್ವನಿ, ಮೂಗಿನ ತುದಿಗೆ ಕನ್ನಡಕ. ಗಂಡನ ಮನೆ ಇಲ್ಲಿಯದು, ತವರು ರಾಯಚೂರು.

"ರಾಮ್ಮಾ, ಬಾರವ್ವಾ, ಕೂಡ್ರು. ಕಾರ್ಡ್ ಯಾರ್ದು, ನಿಂದಾ?"

ಅಲ್ಲವೆಂದು ತಲೆಯಾಡಿಸಿ, ಮನೆಯಲ್ಲಿ ಬರೆದುಕೊಂಡು ಹೋಗಿದ್ದ ಚೀಟಿ ಮುಂದಿಟ್ಟೆ. ಅದನ್ನು ಓದದೆ ಹಿಂದಕ್ಕೆ ಸರಿಸಿದರು.

"ಬಾಯಿಲೆ ಹೇಳು. ನನ್ನ ಕಣ್ಣು ದಿನವೆಲ್ಲಾ ಓದ್ತಾವ. ಕಿವಿ ಖಾಲಿ ಅದಾವ."

ಹೇಳತೊಡಗಿದೆ. ಲಾಡ್ಜಿನ ಮಾತನ್ನು ಟೈಪು ಮಾಡುತ್ತಲೇ ಕೇಳಿದರು, ಹಲಗೆಯ ಮಾತು ಬಂದಾಗ ಕನ್ನಡಕ ತೆಗೆದರು. ಕನ್ನಡ ಅಕ್ಷರವನ್ನು ಚಿತ್ರದ ಹಾಗೆ ಮಾಡಿ ಹಾಕಿದರೆ ಎಲ್ಲ ಕಂಪ್ಯೂಟರಿನಲ್ಲೂ ಕಾಣುತ್ತದಂತೆ. ಆದರೆ ಒಂದು ಸಾಲು ಬದಲಾದರೂ ಹೊಸ ಚಿತ್ರ ಮಾಡಬೇಕು.

"ನಾ ಪುಟ ಮಾಡಿಕೊಡ್ತೀನಿ. ವೆಬ್‌ಸೈಟಿನ ಹೆಸರು ನಿಮ್ಮಪ್ಪನ ಹೆಸರಲ್ಲೇ ನೋಂದಣಿ ಆಗ್ಲಿ. ನಾ ನಾಳೆ ಅಂಗಡಿ ಮುಚ್ಚಿದ್ರ ನೀವು ಬ್ಯಾರೆ ಕಡೆ ಒಯ್ಯಬಹುದು. ಆದ್ರ ಒಂದು ಕೇಳ್ತೀನಿ. ದಿನಾ ಯಾರು ಬರೀತಾರ?"

"ಅಂದ್ರ?"

"ಮಾಡಿ ಬಿಡೋದು ಸುಲಭ. ಈ ಊರಿನಾಗ ಎಲ್ಲಾರೂ ಮಾಡಿ ಬಿಡ್ತಾರ. ಹೋದ ದೀಪಾವಳಿ ಆಫರ್ ಇನ್ನೂ ಹಂಗೇ ಇರ್ತದ. ನಿಮ್ಮ ಹಲಗಿ ದಿನಾ ಬದಲಾಗ್ತದಲ್ಲಾ? ದಿನಾ ಯಾರು ಬರೀತಾರ?"

ನಾನು ಚೀಟಿ ಮಡಿಚಿಕೊಂಡು ಎದ್ದೆ. ಎರಡು ಸೀಬೆಹಣ್ಣು ಕೊಟ್ಟು ಕಳಿಸಿದರು.


26 ಜನವರಿ, ಬುಧವಾರ

ಸತ್ಯಭಾಮಾ ಅವರ ಮಾತು ಹೇಳಿದೆ. ಅಣ್ಣ ಪೂರ್ತಿ ಕೇಳಲಿಲ್ಲ. "ಮದುವಿ ಕಾರ್ಡಿನವರ ಕಡೆ ಯಾರಾದ್ರೂ ವೆಬ್‌ಸೈಟ್ ಮಾಡಸ್ತಾರೇನು ವಿಜೂ? ಅದೂ ಹಲಗೀನ! ಹಲಗಿ ನೋಡಾಕ ಯಾರು ಬರ್ತಾರ?" ರಾಮದಾಸರ ಕಡೆಯ ಫೋಟೋದವರು ಶುಕ್ರವಾರ ಬರುತ್ತಾರೆ. ಮುಂದಿನ ವಾರ ಕರಾರಿಗೆ ಸಹಿ.

ಅಪ್ಪ ಬಲಗೈಯನ್ನು ಬಿಸಿನೀರಿನಲ್ಲಿ ಅದ್ದಿ ಕೂತಿದ್ದರು. ನನ್ನ ಕಡೆ ನೋಡಿದರು. ನಾನು ಇನ್ನಷ್ಟು ಬಿಸಿನೀರು ತಂದು ಸುರಿದೆ. ನಾವಿಬ್ಬರೂ ಹೀಗೇ.


28 ಜನವರಿ, ಶುಕ್ರವಾರ

ಇವತ್ತಿನದನ್ನು ಮೊದಲಿನಿಂದ ಬರೆಯಬೇಕು.

ಮಧ್ಯಾಹ್ನ ಅಪ್ಪ ಕೈ ತೋರಿಸಲು ವೈದ್ಯರ ಕಡೆ ಹೋಗಿದ್ದರು. ನಾನು ಸೀಮೆಎಣ್ಣೆ ಕೊಳ್ಳುವ ಪಾಳಿಯಲ್ಲಿದ್ದೆ. ತಿರುಗಿ ಬಂದಾಗ ಬಾಗಿಲು ಗುರುತೇ ಸಿಗಲಿಲ್ಲ. ಚಪ್ಪಲಿಗಳೆಲ್ಲ ಮಾಯ. ಎಲ್ಲಿಂದಲೋ ತಂದ ಎರಡು ಕ್ರೋಟನ್ ಕುಂಡ. ಹಲಗೆ ತೊಳೆದು ಒರೆಸಿ ಕನ್ನಡಿಯ ಹಾಗೆ ಕರ್ರಗೆ ಹೊಳೆಯುತ್ತಿತ್ತು. ಅದರ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಇಂಗ್ಲಿಷಿನಲ್ಲಿ ಸುಸ್ವಾಗತ, ಎರಡು ಹೂವು.

ಫೋಟೋದವನು ಮಾಳಿಗೆಯ ಮೇಲೆ ಅಣ್ಣನ ಜತೆ ಇದ್ದ. ನಾನು ಹಲಗೆಯ ಹತ್ತಿರ ಹೋಗಿ ನೋಡಿದೆ. ಎಲ್ಲರ ಸಾಲೂ ಹೋಗಿತ್ತು. ಕೆಳಗಿನ ಗಂಗಾಬಾಯಿಯದೂ.

ಸೇಡಂ ಕಡೆಯ ಗಿರಿಜಾಬಾಯಿ ಒಳಗಿನಿಂದ ಬಂದು ಅಂದರು, "ಯವ್ವಾ, ಈಗ ಒಬ್ಬಾವ ಬಂದಿದ್ದ. ಚೀಲ ಹೆಗಲಿಗಿತ್ತು. ಹಲಗಿ ನೋಡಿದ, ತಲಿ ಮ್ಯಾಲೆ ಕೈ ಇಟಗೊಂಡ. ನಾ ಎದ್ದು ಬರೂದ್ರಾಗ ಹೊಳ್ಳಿ ಹೋದ."

"ಯಾವ ಊರು ಅಂದ?"

"ಏನೂ ಅನಲಿಲ್ಲ. ಆ ಶಿವದೇವಿ ತಮ್ಮ ರಕ್ತ ಕೊಡಾಕ ಬರಾಂವ ಇದ್ದನಲ್ಲ, ಅವನ ಏನೋ. ಮೂಗು ಆಕಿದೇ."

ಶಿವದೇವಿ ಮುಂಜಾನೆಯಿಂದ ಆಸ್ಪತ್ರೆಯಲ್ಲಿದ್ದರು. ಆಪರೇಷನ್ ನಾಳೆ. ಗಂಡನ ಗುಂಪಿನ ರಕ್ತ ಸಿಗುವುದಿಲ್ಲ, ತಮ್ಮನದು ಹೊಂದುತ್ತದೆ, ಇವತ್ತು ಸಂಜೆಯೊಳಗೆ ಕೊಡಬೇಕು ಎಂದು ನಿನ್ನೆಯಷ್ಟೇ ಹೇಳಿದ್ದರು. ನಮ್ಮ ಹಲಗೆಯ ರೀತಿ ಆ ಕಡೆಯವರಿಗೆಲ್ಲ ಗೊತ್ತು. ಸಾಲು ಒರೆಸಿದೆ ಅಂದರೆ ಊರಿಗೆ ಹೋದರು ಎಂದರ್ಥ. ಯಾರನ್ನೂ ಕೇಳಬೇಕಿಲ್ಲ.

ಸೀಮೆಎಣ್ಣೆಯ ಡಬ್ಬಿಯನ್ನು ಅಲ್ಲೇ ಇಟ್ಟು ಸ್ಟೇಷನ್ನಿಗೆ ಓಡಿದೆ.

ಗುಲಬರ್ಗಾ ಮೇಲೆ ಹೋಗುವ ಮುಂಬಯಿ ಗಾಡಿಗೆ ಇನ್ನೂ ಹೊತ್ತಿತ್ತು, ಆದರೆ ಪ್ಲಾಟ್‌ಫಾರ್ಮ್ ತುಂಬಿತ್ತು. ನುಮಾಯಿಷ್ ನೋಡಿ ಹೊರಟವರು, ಗಂಟುಗಳು, ಮಕ್ಕಳು, ಹೆಗಲಿಗೆ ಚೀಲ ಹಾಕಿದ ಗಂಡಸರು ಲೆಕ್ಕವಿಲ್ಲದಷ್ಟು. ನಾನು ಶಿವದೇವಿಯ ಮೂಗು ಹುಡುಕುತ್ತ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದೆ. ಮೂಗಿನಿಂದ ಮನುಷ್ಯನನ್ನು ಹುಡುಕಲು ಆಗುವುದಿಲ್ಲ.

ಆಮೇಲೆ ಸಾಮಾನು ಎಳೆಯುವ ಬಂಡಿಯೊಂದು ನಿಂತಿತ್ತು, ಅದರ ಮೇಲೆ ಹತ್ತಿದೆ.

"ಅಫಜಲಪುರ! ಅಫಜಲಪುರದವರು ಯಾರದೀರಿ! ಶಿವದೇವಿ ತಮ್ಮಾ!"

ಜನ ತಿರುಗಿ ನೋಡಿದರು. ಒಬ್ಬ ಹಮಾಲಿ "ಕ್ಯಾ ಹುವಾ ಬೇಟಿ, ಕೌನ್ ಗುಮ್ ಗಯಾ?" ಎಂದು, ಕಳೆದುಹೋದವರು ಯಾರೆಂದು ಕೇಳಿ, ನನ್ನ ಜತೆ ತಾನೂ "ಅಫಜಲ್‌ಪೂರ್!" ಎಂದು ಕೂಗತೊಡಗಿದ. ನಾನು ಮತ್ತೆ ಕೂಗಿದೆ. ಮತ್ತೆ. ನೀರಿನ ನಲ್ಲಿಯ ಹತ್ತಿರ ಕುಕ್ಕರುಗಾಲಲ್ಲಿ ಕೂತಿದ್ದ ಒಬ್ಬ ಎದ್ದು ನಿಂತ. ಮುಖ ತೊಳೆದದ್ದೋ ಅತ್ತದ್ದೋ, ಒದ್ದೆಯಾಗಿತ್ತು. ಮೂಗು ಶಿವದೇವಿಯದೇ.

"ನಾನ್ರಿ. ಬಸು. ಏನಾತ್ರೀ? ಅಕ್ಕ ಎಲ್ಲಿ?"

"ಆಸ್ಪತ್ರ್ಯಾಗ ಅದಾರ. ಎಲ್ಲಾರೂ ಅದಾರ. ನಡೀರಿ, ಜಲ್ದಿ."

"ಹಲಗಿ ಮ್ಯಾಲೆ ಇಲ್ಲಲ್ರಿ! ಡಾಕ್ಟರು ಕೈ ಬಿಟ್ಟಿರಬೇಕು, ಊರಿಗೆ ಒಯ್ದು ಬಿಟ್ಟಾಳ, ನನ್ನ ರಕ್ತ ಬ್ಯಾಡಾತು ಅಂತ ತಿಳದ್ಯಾ..." ಆಟೋದಲ್ಲಿ ಆಸ್ಪತ್ರೆಯ ತನಕ ಚೀಲವನ್ನು ಮಗುವಿನ ಹಾಗೆ ತಬ್ಬಿಕೊಂಡಿದ್ದ.

ನಾವು ಹೋದಾಗ ಶಿವದೇವಿ ರಕ್ತ ತೆಗೆಯುವ ಕೋಣೆಯ ಬಾಗಿಲಲ್ಲಿ ನಿಂತಿದ್ದರು. ತಮ್ಮನನ್ನು ಬೈದರು. "ಓದು ಬರ್ತೈತಂತ ಹಲಗಿ ಓದಿ ಬಂದ್ಯಾ? ಬಾಯಿ ಇರಲಿಲ್ಲ ನಿನಗ, ಕೇಳಾಕ?" ಬೈಯುತ್ತಲೇ ಅವನ ಶರ್ಟಿನ ತೋಳು ಮಡಿಚಿದರು.

ಮನೆಗೆ ಬಂದಾಗ ಅಪ್ಪ ಹಲಗೆಯ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಅಣ್ಣ ಕುಂಡಗಳನ್ನು ಎತ್ತಿ ಹೊರಗಿಡುತ್ತಿದ್ದ. ಫೋಟೋ ಚಂದ ಬರಲಿ ಅಂತ ಫೋಟೋದವರು ಒರೆಸಿದ್ದಾರೆ, ನನಗೆ ಗೊತ್ತಾಗಲಿಲ್ಲ ಅಪ್ಪಾ, ಅನ್ನುತ್ತಿದ್ದ. ಅಪ್ಪ ಬೈಯಲಿಲ್ಲ. ಬೈದಿದ್ದರೆ ಅಣ್ಣನಿಗೆ ಸುಲಭವಾಗುತ್ತಿತ್ತು.


29 ಜನವರಿ, ಶನಿವಾರ

ಗಂಟಲು ಕಟ್ಟಿದೆ. ನಿನ್ನೆ ಸ್ಟೇಷನ್ನಿನ ತಣ್ಣೀರು ಕುಡಿದದ್ದಕ್ಕೆ ಇರಬೇಕು.

ಬೆಳಿಗ್ಗೆ ಅಪ್ಪ ಸೀಮೆಸುಣ್ಣ ಹಿಡಿದರು, ಬೆರಳು ನಿಲ್ಲಲಿಲ್ಲ. ತುಂಡು ನನ್ನ ಕೈಗೆ ಕೊಟ್ಟರು. ಎಲ್ಲರನ್ನೂ ಕೇಳಿ ಕೇಳಿ ಬರೆದೆ. "ಕೆಳಗ ಒಂದು ಸಾಲಿನ ಜಾಗಾ ಬಿಡು," ಅಂದರು. ಬಿಟ್ಟೆ.

ಆಪರೇಷನ್ ಆಯಿತು. ಚೆನ್ನಾಗಿ ಆಯಿತಂತೆ.


31 ಜನವರಿ, ಸೋಮವಾರ

ಬಸು ಹಿತ್ತಿಲಲ್ಲಿ ರೊಟ್ಟಿ ತಿನ್ನುತ್ತ ಕೂತಿದ್ದ. ರಕ್ತ ಕೊಟ್ಟವನೆಂದು ಹೆಂಗಸರೆಲ್ಲ ಅವನ ತಾಟಿಗೆ ಶೇಂಗಾ ಚಟ್ನಿ ಸುರಿಯುತ್ತಿದ್ದರು.

"ಯಕ್ಕಾರ, ಒಂದ ಮಾತು ಹೇಳ್ಲ್ಯಾ," ಅಂದ ನನಗೆ. "ಗುಲಬರ್ಗಾ ಬಸ್ ಸ್ಟ್ಯಾಂಡಿನ ಎಸ್‌ಟಿಡಿ ಬೂತಿನಾವ ಕಂಪ್ಯೂಟರ್ ಇಟ್ಟಾನ. ಹುಡುಗರಿಗೆ ಎಸ್ಸೆಸ್ಸೆಲ್ಸಿ ರಿಸಲ್ಟ್ ತೆಗೆದು ಕೊಡ್ತಾನ. ನಿಮ್ಮ ಹಲಗಿ ಅದರಾಗ ಬಂದ್ರ ನಾ ಟಿಕೀಟ್ ತೆಗಿಯೂಕಿಂತ ಮೊದಲ ನೋಡಿ ಬರ್ತಿದ್ದೆ. ಟೇಷನ್ನಾಗ ಅಳೂದರ ತಪ್ಪತಿತ್ತು."

ಎಲ್ಲರೂ ನಕ್ಕರು. ನಾನು ನಗಲಿಲ್ಲ. ಅಣ್ಣ ಬಾಗಿಲಲ್ಲಿ ನಿಂತಿದ್ದ, ಅವನೂ ನಗಲಿಲ್ಲ.

ಶಿವದೇವಿಯನ್ನು ಕೇಳಿದೆ, ನಿಮ್ಮ ಊರು, ಹೆಸರು ಅಲ್ಲಿ ಬಂದರೆ ಯಾರು ಬೇಕಾದರೂ ನೋಡಬಹುದು, ನಡೆಯುತ್ತದೆಯೇ ಎಂದು.

"ಬಾಗಿಲದಾಗ ಬರೆದದ್ದು ಯಾರಿಗೆ ಕಾಣೂದಿಲ್ಲ? ಕಾಣ್ಲಿ ಬಿಡವ್ವಾ. ನಾವು ಇಲ್ಲೇ ಅದೀವಂತ ಗೊತ್ತಾಗ್ಲಿ," ಅಂದರು. ಬೇಡವೆನ್ನುವವರ ಸಾಲು ಬಿಡಬೇಕು. ಎಲ್ಲರನ್ನೂ ಕೇಳಿಯೇ ಹಾಕಬೇಕು.


3 ಫೆಬ್ರವರಿ, ಗುರುವಾರ

ಬೇಗಂಪೇಟೆ. ಕರಾರು ಸಿದ್ಧವಿತ್ತು. ಸಹಿಗೆ ಮೊದಲು ಕೆಲವು ವಿಷಯ ತಿಳಿಯಬೇಕಿತ್ತು. ಹೆಸರು ಯಾರದು, ನಾವು ಬಿಟ್ಟುಹೋದರೆ ಅದು ಯಾರ ಬಳಿ ಉಳಿಯುತ್ತದೆ, ಒಂದು ಸಾಲು ಬದಲಿಸಲು ಎಷ್ಟು ದಿನ, ಬದಲಿಸುವವರಿಗೆ ಕನ್ನಡ ಓದಲು ಬರುತ್ತದೆಯೇ, ಇಷ್ಟನ್ನು ಕೇಳಿದೆ. ರಾಮದಾಸರು ಒಳ್ಳೆಯವರು, ಸುಳ್ಳು ಹೇಳಲಿಲ್ಲ. ಹೆಸರು ಕಂಪನಿಯದೇ. ಬದಲಾವಣೆ ತಿಂಗಳಿಗೊಮ್ಮೆ.

"ನಮ್ಮ ಗಿರಾಕಿ ಯಾರಂತ ಅವತ್ತು ಕೇಳಿದ್ರಿ," ಅಂದೆ. "ಹಿಂದಿನ ಗಾಡಿಗೆ ಬರೋರು."

"ಅಂದ್ರ?"

"ಮೊದಲನೇ ಗಾಡಿಗೆ ರೋಗಿ ಬರ್ತಾರ. ಅವರು ನೇರ ಆಸ್ಪತ್ರಿಗೆ ಹೋಗ್ತಾರ. ಹಿಂದಿನ ಗಾಡಿಗೆ ಬರೋರು ಅವರನ್ನ ಹುಡುಕ್ತಾರ. ಹುಡುಕೋರಿಗೆ ಈಜುಕೊಳ ಬ್ಯಾಡ್ರಿ, ಸಾಲು ಬೇಕು."

ನಮಗೆ ತರಿಸಿದ್ದ ಕಾಫಿ ಆರಿ ಹೋಗಿತ್ತು. ವಾಪಸು ಬರುವ ದಾರಿಯುದ್ದಕ್ಕೂ ಅಣ್ಣ ಆಗಾಗ ನನ್ನ ಮುಖ ನೋಡುತ್ತಿದ್ದ. ಸಹಿ ಹಾಕದೆ ಬಂದದ್ದಕ್ಕೆ ಸಿಟ್ಟಿರಬೇಕು. ಲಕಡಿಕಾಪೂಲ್ ದಾಟಿದ ಮೇಲೆ "ಆ ಮದುವಿ ಕಾರ್ಡಿನವರದು ಎಷ್ಟನೇ ಮಾಳಿಗಿ ಅಂದಿ?" ಎಂದು ಕೇಳಿದ.


7 ಫೆಬ್ರವರಿ, ಸೋಮವಾರ

ಶಿವದೇವಿ ಊರಿಗೆ ಹೊರಟರು. ಗಂಡ ಆಟೋದಲ್ಲಿ ಕೂತಿದ್ದ, ಬಡಕಲಾಗಿದ್ದಾನೆ, ಆದರೆ ಚಾಲಕನೊಡನೆ ಜಗಳವಾಡುವಷ್ಟು ಚೇತರಿಸಿಕೊಂಡಿದ್ದಾನೆ. ಶಿವದೇವಿ ಹಲಗೆಯ ಮುಂದೆ ನಿಂತು, "ನಿನ್ನ ಅಕ್ಷರ ಭಾಳ ಗುಂಡಗ ಅದಾವ ಯವ್ವಾ, ಒರಸಾಕ ಮನಸ್ಸಾಗವೊಲ್ದು" ಅಂದರು. ಆಮೇಲೆ ಅಂಗೈ ಊರಿ ಒಂದೇ ಎಳೆತಕ್ಕೆ ಒರೆಸಿದರು. ಆ ಕೈಯಿಂದಲೇ ನನ್ನ ಗಲ್ಲ ಹಿಡಿದರು. ಸಂಜೆಯವರೆಗೂ ಮುಖ ತೊಳೆಯಲು ಮರೆತೆ.

ಅವರು ಹೋದ ಮೇಲೆ ನೋಡಿದೆ. ಕೆಳಗೆ ಖಾಲಿ ಬಿಟ್ಟ ಜಾಗದಲ್ಲಿ ಯಾರೋ ಬರೆದಿದ್ದರು. ಚಿತ್ತಾಪುರ, ಗಂಗಾಬಾಯಿ. ಅಪ್ಪನ ಅಕ್ಷರವಲ್ಲ. ಅಕ್ಷರಗಳು ಒಂದು ದೊಡ್ಡದು ಒಂದು ಚಿಕ್ಕದು, ಇಂಗ್ಲಿಷ್ ಶಾಲೆಗೆ ಹೋದವರ ಕನ್ನಡ. ಗಂಗಾಬಾಯಿ ಅಣ್ಣನ ಕೈಯನ್ನೂ ಹಿಡಿದು ಬರೆಸಿರಬೇಕು, ನನಗದು ಹೊಳೆದೇ ಇರಲಿಲ್ಲ.

ಊಟದ ಹೊತ್ತಿಗೆ ಅಣ್ಣನಿಗೆ ಇನ್ನೊಂದು ರೊಟ್ಟಿ ಬಡಿಸಿದೆ. "ಜೂನ್ ತನಕಾ ಅಂತ ಹೇಳೀನಿ, ನೆನಪಿರ್ಲಿ," ಅಂದ ತಾನಾಗಿಯೇ, ತಾಟು ನೋಡುತ್ತ. ಅವನ ಅಂಗಿಯ ತುದಿಯಲ್ಲಿ ಬಿಳಿ ಹತ್ತಿತ್ತು.


10 ಫೆಬ್ರವರಿ, ಗುರುವಾರ

ಮೆಹದಿಪಟ್ಟಣಂಗೆ ಹೋಗಿ ಸತ್ಯಭಾಮಾ ಅವರಿಗೆ ಕೆಲಸ ಒಪ್ಪಿಸಿ ಬಂದೆ. ಅಪ್ಪನ ಹೆಸರಿನಲ್ಲೇ ನೋಂದಣಿ. ಮೊದಲ ಪುಟದಲ್ಲಿ ಹಲಗೆ, ಕನ್ನಡದಲ್ಲಿ. ಅದರ ಕೆಳಗೆ ಸ್ಟೇಷನ್ನಿನಿಂದ ಬರುವ ದಾರಿ. ಈಜುಕೊಳ ಎಲ್ಲೂ ಇಲ್ಲ. ಗುಲಬರ್ಗಾದ ಬೂತಿನವನಿಗೆ ವಿಳಾಸ ತಲುಪಿಸುವುದು ಬಸುವಿನ ಜವಾಬ್ದಾರಿ. ಸಂಜೆ ನಾಲ್ಕರ ಮೇಲೆ ಸತ್ಯಭಾಮಾ ಅವರ ಒಂದು ಕಂಪ್ಯೂಟರ್ ಖಾಲಿ ಇರುತ್ತದಂತೆ, ಕನ್ನಡ ಟೈಪು ಮಾಡುವುದನ್ನು ಅಲ್ಲೇ ಕಲಿಸಿದರು. ಮೊದಲು ಹೊಡೆದ ಮಾತು ಅಫಜಲಪುರ.

"ನಾ ಒಂದು ಕೇಳಿದ್ದೆ, ಉತ್ತರ ಕೊಡಲಿಲ್ಲ ನೀನು," ಅಂದರು ಹೊರಡುವಾಗ.

"ನಾಳೆ ನಾಲ್ಕಕ್ಕೆ ಬರ್ತೀನ್ರಿ," ಅಂದೆ.

ಮನೆಗೆ ಬಂದು ದೊಡ್ಡವ್ವನಿಗೆ ಕಾಗದ ಬರೆದೆ. ಜೂನಿಗೆ ದಾರಿ ನೋಡಬೇಡಿ, ರಜೆಯಲ್ಲಿ ಎಂದಾದರೂ ನೋಡಲು ಬರುತ್ತೇನೆ ಎಂದು. ಬರೆದದ್ದು ಅರ್ಧ ಪುಟವೂ ಆಗಲಿಲ್ಲ. ಅಪ್ಪನಿಗೂ ಅಣ್ಣನಿಗೂ ಇನ್ನೂ ಹೇಳಿಲ್ಲ.

ಅಂಚೆಪೆಟ್ಟಿಗೆಗೆ ಹಾಕಿ ಬರುವ ದಾರಿಯಲ್ಲಿ ಪುಸ್ತಕದ ಅಂಗಡಿಗೆ ಹೋದೆ. ಒಂದು ಡಬ್ಬಿ ಸೀಮೆಸುಣ್ಣ ನಮ್ಮ ಹಲಗೆಗೆ ಒಂದು ವರ್ಷ ಬರುತ್ತದೆ. ಅಪ್ಪ ಪ್ರತಿ ಯುಗಾದಿಗೆ ಒಂದೇ ತರುವುದು.

ಅಂಗಡಿಯವನು ಎಷ್ಟು ಎಂದು ಕೇಳಿದ. ನಾಲ್ಕು ಅಂದೆ.